ಫ್ಯಾನಿನೊಳಗಿನ ಚಹಾ ನಾರು

ಗೂಡಲೂರಿನಲ್ಲಿ ಯಾರ ಲ್ಯಾಪ್‌ಟಾಪ್ ಕೆಟ್ಟರೂ ತಪ್ಪು ಮಳೆಗಾಲದ ಥಂಡಿಯದ್ದೇ. ಅದೇ ಥಂಡಿಯಲ್ಲಿರುವ ನಮ್ಮ ಟಿವಿಗೆ ಮಾತ್ರ ಏಕೆ ಏನೂ ಆಗುವುದಿಲ್ಲ? ನನ್ನ ಗೇಮಿಂಗ್ ಲ್ಯಾಪ್‌ಟಾಪಿನ ಪರದೆ ತುಂಬ ಹಸಿರು ಗೆರೆ ಎದ್ದಾಗ ರಿಪೇರಿಯವರೂ, "ಗ್ರಾಫಿಕ್ಸ್ ಕಾರ್ಡ್ ಹೋಯ್ತಮ್ಮಾ, ಎಲ್ಲಾ ಥಂಡಿ ಮಾಡಿದ್ದು" ಎಂದರು. ಕಾಲೇಜಿಗೆ ಕೊಡಬೇಕಿದ್ದ ಅನಿಮೇಷನ್ ಅದರಲ್ಲೇ ಅರ್ಧಕ್ಕೆ ನಿಂತಿತ್ತು. ನನ್ನೆದುರೇ ಬಿಚ್ಚಿ ಎಂದು ಹಟ ಹಿಡಿದೆ.

ಬಿಚ್ಚಿದರೆ ತೇವದ ಕಲೆಯೇ ಇಲ್ಲ. ಫ್ಯಾನಿನ ತುಂಬ ಕಂದು ಬಣ್ಣದ ನಯವಾದ ನಾರು. ಮೂಸಿದರೆ ಚಹಾ! ಗಾಳಿಯಾಡದೆ ಕಾರ್ಡ್ ಬೆಂದುಹೋಗಿತ್ತು. ಇಂಥ ನಾರು ಹಾರುವುದು ಚಹಾ ಫ್ಯಾಕ್ಟರಿಯಲ್ಲಿ, ಒಣಗಿದ ಎಲೆಯನ್ನು ಜರಡಿ ಹಿಡಿಯುವ ಕಡೆ. ನಾನು ಊರಲ್ಲಿಲ್ಲದಾಗ ಲ್ಯಾಪ್‌ಟಾಪ್ ಇದ್ದದ್ದು ಸೋದರಮಾವನ ಮನೆಯಲ್ಲಿ, ಥಂಡಿ ತಾಗದಿರಲೆಂದು ಬಲ್ಬ್ ಉರಿಸಿಟ್ಟ ಬೀರುವಿನೊಳಗೆ. ಮಾವ ಚೇರಂಬಾಡಿಯ ಚಹಾ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಕೇಳಿದರೆ, "ಬೀರು ಬಾಗ್ಲೇ ತೆಗೆದಿಲ್ಲ ಕಣೇ, ನಿನ್ನಾಣೆ!" ಎಂದರು.

ನಾರು ತೆಗೆಸಿದರೂ ಗೆರೆ ಹೋಗಲಿಲ್ಲ, ಅನಿಮೇಷನ್ ಮುಗಿಯಲಿಲ್ಲ. ಆ ಆಣೆಯನ್ನು ನಂಬಲು ನನ್ನಿಂದ ಇಂದಿಗೂ ಆಗಿಲ್ಲ. ನಾನು ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಹೋಗ್ಲಿ ಮಾವ, ಫ್ಯಾಕ್ಟರೀಲಿ ಕೂತು ಗೇಮನ್ನ ಯಾವ ಲೆವೆಲ್‌ವರೆಗೆ ಆಡಿದ್ರಿ?"