ಹುಬ್ಬಳ್ಳಿಯಲ್ಲಿ ನಮ್ಮ ಬೆನ್ನು ಹತ್ತಿದ ಹೆಂಗಸು

ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಸಪ್ತಾಪುರದಲ್ಲಿ ನಮ್ಮದು ಬಾಡಿಗೆ ಮನೆ. ಒಂದು ಬೇಸಿಗೆಯಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಅಮ್ಮಿನಬಾವಿಯಿಂದ ಬಂದು, ಈ ಸಲ ಹುಬ್ಬಳ್ಳಿ ನೋಡದೆ ಊರಿಗೆ ಹೋಗುವುದಿಲ್ಲ ಎಂದಳು. ಐವತ್ತು ದಾಟಿದ ಹೆಂಗಸು. ಸಂತೆ, ದವಾಖಾನೆ, ಕಚೇರಿ ಎಲ್ಲ ಧಾರವಾಡದಲ್ಲೇ ಮುಗಿಯುತ್ತಿದ್ದುದರಿಂದ ಅದರಾಚೆ ಕಾಲಿಟ್ಟವಳಲ್ಲ. ನಾನೂ ಹುಬ್ಬಳ್ಳಿಯನ್ನು ಕಂಡದ್ದು ರೈಲಿನ ಕಿಟಕಿಯಿಂದ ಮಾತ್ರ.

ನಮ್ಮ ಮನೆಯ ಮಾಲಕರು ನಿವೃತ್ತ ಕಾರಕೂನರು. ಸುದ್ದಿ ತಿಳಿದು ತಾವಾಗಿಯೇ ಬಂದು ಕಟ್ಟೆಯ ಮೇಲೆ ಕೂತು ಅತ್ತೆಗೆ ತಿಳಿವಳಿಕೆ ಹೇಳಿದರು. ಟಾಂಗಾ ಹತ್ತುವ ಮೊದಲೇ ಬಾಡಿಗೆ ಮಾತಾಡಬೇಕು, ಯಾರು ಏನು ಕೊಟ್ಟರೂ ತಿನ್ನಬಾರದು, ಗುರುತಿಲ್ಲದವರ ಮನೆಯ ನೀರೂ ಬೇಡ, ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಇಂಜಿನ್ ನೋಡುವಾಗ ಒಂದು ಕೈ ಸೊಂಟದ ಸಂಚಿಯ ಮೇಲಿರಬೇಕು. ಮುಖ್ಯವಾದದ್ದನ್ನು ಕೊನೆಗೆ ದನಿ ತಗ್ಗಿಸಿ ಹೇಳಿದರು: “ಹೊಸಬರು ಅಂತ ತೋರಿಸಿಕೋಬ್ಯಾಡ್ರಿ, ಅಕ್ಕಾರ. ದೊಡ್ಡ ಕಟ್ಟಡ ಕಂಡ್ರ ಕತ್ತೆತ್ತಿ ನೋಡಬ್ಯಾಡ್ರಿ. ದಿನಾ ಬರೋರ ಹಂಗ ನಡೀರಿ.”

ಅತ್ತೆ ಈ ನಟನೆಯನ್ನು ಬಸ್ಸಿನಲ್ಲೇ ಶುರು ಮಾಡಿದಳು. ಹೋದ ವಾರ ಕೊಂಡ ಪಾತ್ರೆ ಬದಲಿಸಬೇಕು, ದುರ್ಗದಬೈಲಿನಲ್ಲಿ ಎಂದಿನ ಅಂಗಡಿಗೇ ಹೋಗೋಣ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನಾನು ಹೂಂ ಎನ್ನುತ್ತಿದ್ದೆ. ನಮ್ಮ ಹಿಂದಿನ ಸೀಟಿನಲ್ಲಿ ಇಳಕಲ್ಲ ಸೀರೆಯ ಒಬ್ಬ ಹೆಂಗಸು ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು.

ಹುಬ್ಬಳ್ಳಿಯಲ್ಲಿ ಇಳಿದು ಸ್ವಲ್ಪ ದೂರ ನಡೆದ ಮೇಲೆ ಅತ್ತೆ ನನ್ನ ಕೈ ಚಿವುಟಿದಳು. ಆ ಹೆಂಗಸು ಹತ್ತು ಹೆಜ್ಜೆ ಹಿಂದಿದ್ದಳು. ನಾವು ಸ್ಟೇಷನ್ನಿನ ಸೇತುವೆ ಹತ್ತಿದರೆ ಅವಳೂ ಹತ್ತಿದಳು. ಕೆಳಗೆ ಹೊಗೆ ಬಿಡುತ್ತಿದ್ದ ಇಂಜಿನ್ನನ್ನು ನಾವಿಬ್ಬರೂ ಸರಿಯಾಗಿ ನೋಡಲೇ ಇಲ್ಲ, ನಮ್ಮ ಕಣ್ಣೆಲ್ಲ ಅವಳ ಗಂಟಿನ ಮೇಲೆ. ದುರ್ಗದಬೈಲಿನಲ್ಲಿ ಬಳೆ ಅಂಗಡಿಯ ಮುಂದೆ ಬೇಕೆಂದೇ ನಿಂತೆವು. ಅವಳು ಪಕ್ಕದ ಅಂಗಡಿಯ ಮುಂದೆ ನಿಂತಳು. ಅವಳ ಕಡೆಯ ಗಂಡಸರು ಎಲ್ಲೋ ಕಾದಿರಬೇಕು ಎಂದು ಅತ್ತೆ ಪಿಸುಗುಟ್ಟಿದಳು. ನನಗೂ ಹಾಗೇ ಅನ್ನಿಸಿತು.

ಕೊನೆಗೆ ಅತ್ತೆ ಗರಕ್ಕನೆ ತಿರುಗಿ ಅವಳೆದುರು ಹೋಗಿ ನಿಂತಳು. “ಮುಂಜಾನಿಂದ ಯಾಕ ನಮ್ಮ ಬೆನ್ನ ಹತ್ತೀರಿ?”

ಅವಳ ಕಣ್ಣು ತುಂಬಿ ಬಂತು. “ತಪ್ಪ ತಿಳಿಬ್ಯಾಡ್ರಿ ಯವ್ವಾ. ನಾ ಈ ಊರು ಕಂಡಾಕಿ ಅಲ್ಲ. ನೀವು ದಿನಾ ಬರೋರು ಅಂತ ಬಸ್ಸಿನ್ಯಾಗ ಕೇಳಿದ್ನಿ. ನಿಮ್ಮ ಹಿಂದ ನಡದ್ರ ದಾರಿ ತಪ್ಪೂದಿಲ್ಲ ಅಂತ ಬಂದೇನಿ.”

ನನಗೆ ನಗು ಬಂತು. ಅತ್ತೆ ನಗಲಿಲ್ಲ, ನಾವೂ ಹೊಸಬರೇ ಎಂದು ಒಪ್ಪಿಕೊಳ್ಳಲೂ ಇಲ್ಲ. ಯಾವ ಊರು, ಯಾಕೆ ಬಂದದ್ದು ಎಂದು ಸಾಕ್ಷಿಯನ್ನು ಕೇಳುವ ವಕೀಲನಂತೆ ಕೇಳಿದಳು. ಅವಳದು ಗರಗದ ಕಡೆಯ ಹಳ್ಳಿ. ಗಂಡನಿಲ್ಲ, ಮಗಳೊಬ್ಬಳು. ದೂರದ ನೆಂಟನೊಬ್ಬ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸ ಮಾಡುವ ವರನನ್ನು ತೋರಿಸಿದ್ದ. ಮದುವೆಗೆ ಅವಸರ ಮಾಡುತ್ತಿದ್ದ, ಆದರೆ ವರನ ಮನೆಗೆ ಕರೆದೊಯ್ಯಿ ಎಂದರೆ ಏನಾದರೊಂದು ನೆಪ ಹೇಳುತ್ತಿದ್ದ. ಅದಕ್ಕೇ ಯಾರಿಗೂ ಹೇಳದೆ ಬಂದಿದ್ದಳು. ವರನ ಹೆಸರು, ಮನೆಯ ಗುರುತು ಬರೆಸಿಕೊಂಡ ಚೀಟಿಯನ್ನು ನನಗೆ ಕೊಟ್ಟಳು.

ಚೀಟಿ ಓದಿದರೂ ಅತ್ತೆಯ ಸಂಶಯ ಹೋಗಲಿಲ್ಲ. ನಮ್ಮನ್ನು ಗಲ್ಲಿಯೊಳಗೆ ಸೆಳೆಯುವ ಹೂಟ ಇದ್ದೀತು ಎಂದು ನನ್ನ ಕಿವಿಯಲ್ಲಿ ಹೇಳಿ, ಆ ಹೆಂಗಸನ್ನು ಮುಂದೆ ಬಿಟ್ಟುಕೊಂಡು ಹೊರಟಳು. ಕೇಳುತ್ತ ಕೇಳುತ್ತ ಗಿರಣಿಯ ಹಿಂದೆ ಕೆಲಸಗಾರರ ಸಾಲುಮನೆಗಳ ಚಾಳು ಸಿಕ್ಕಿತು. ಮನೆಯ ಮುಂದೆ ಬರುತ್ತಲೇ ಆ ಹೆಂಗಸಿನ ಕಾಲುಗಳು ನಿಂತುಬಿಟ್ಟವು. ಅತ್ತೆಯೇ ಮೆಟ್ಟಿಲು ಹತ್ತಿ ನೀರು ಕೇಳಿದಳು.

ಕೂಸನ್ನು ಸೊಂಟದ ಮೇಲಿಟ್ಟುಕೊಂಡ ಚಿಕ್ಕ ಪ್ರಾಯದ ಹೆಣ್ಣುಮಗಳು ತಂಬಿಗೆ ತಂದಳು. ಅತ್ತೆ ನೀರು ಕುಡಿದು, ಚೀಟಿಯಲ್ಲಿದ್ದ ಹೆಸರು ಹೇಳಿ, ಅವರ ಮನೆ ಯಾವುದು ಎಂದು ವಿಚಾರಿಸಿದಳು. “ಇದ ರೀ. ನಮ್ಮ ಮನಿಯವರ ಅವರು. ಗಿರಣಿಗೆ ಹೋಗ್ಯಾರ” ಎಂದಳು ಹುಡುಗಿ. ಹಿಂದೆ ನಿಂತಿದ್ದ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಗಂಟು ಬಿಚ್ಚಿ, ಬೀಗರ ಮನೆಗೆಂದು ಕಟ್ಟಿಕೊಂಡು ಬಂದಿದ್ದ ಶೇಂಗಾ ಉಂಡಿಯನ್ನು ಕೂಸಿನ ಕೈಯಲ್ಲಿಟ್ಟಳು. ಹುಡುಗಿ ತಕ್ಷಣ ಉಂಡಿಯನ್ನು ಕಿತ್ತುಕೊಂಡು, ಕೂಸು ತಿನ್ನದಂತೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಧಾರವಾಡದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಮಗಳಿಗೆ ಏನು ಹೇಳಲಿ ಎಂದು ಅವಳು ಕೇಳಿದಳು. ಇದ್ದದ್ದನ್ನೇ ಹೇಳಿರಿ ಎಂದಳು ಅತ್ತೆ. ತಾನೂ ಹುಬ್ಬಳ್ಳಿ ಕಂಡದ್ದು ಇವತ್ತೇ ಎಂದು ಆಗ ಬಾಯಿಬಿಟ್ಟಳು.

ಅವಳನ್ನು ಗರಗದ ಬಸ್ಸಿಗೆ ಹತ್ತಿಸಿ ಮನೆಗೆ ನಡೆಯುವಾಗ, ಚಾಳಿನ ಆ ಹುಡುಗಿಗೂ ಹೇಳಬೇಕಿತ್ತು ಎಂದೆ.  ಮೂರನೆಯ ದಿನ ಬೆಳಿಗ್ಗೆ ಅತ್ತೆ ತಾನೇ ಸೀರೆ ಉಟ್ಟು ನಿಂತಳು. “ಅವ ಇನ್ನೊಬ್ಬಾಕಿನ್ನ ಹುಡುಕ್ತಾನ. ನಡಿ, ಹೇಳಿ ಬರೂಣು.”

ಈ ಸಲ ನೆಟ್ಟಗೆ ಚಾಳಿಗೆ ಹೋದೆವು. ಅತ್ತೆ ಬಾಗಿಲಲ್ಲಿ ನಿಂತು, ಮೆಲ್ಲಗೆ, ಎಲ್ಲವನ್ನೂ ಹೇಳಿದಳು. ಹುಡುಗಿಯ ಮುಖ ಬಿಗಿಯುತ್ತ ಹೋಯಿತು. ಅವಳು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರು ಕಳಿಸ್ಯಾರ ನಿಮ್ಮನ್ನ? ಮೊನ್ನೆ ನೀರು ಕೇಳಾಕ ಬಂದಾಗನ ನನಗ ಸಂಶೇ ಬಂದಿತ್ತು. ನನ್ನ ಸಂಸಾರ ಮುರದ್ರ ನಿಮಗೇನು ಸಿಗತೈತಿ?”

ಅತ್ತೆ ಏನೋ ಹೇಳಲು ಹೋದಳು. ಬಾಗಿಲು ಮುಚ್ಚಿತು, ಒಳಗೆ ಅಗಳಿ ಹಾಕಿದ ಸದ್ದು ಕೇಳಿಸಿತು. ಅಕ್ಕಪಕ್ಕದವರು ಇಣುಕತೊಡಗಿದ್ದರು. ನಾವು ಸರಸರ ನಡೆದು ರಸ್ತೆಗೆ ಬಂದೆವು. ಅವಳು ನಮ್ಮ ಮಾತು ನಂಬಿದಳೋ ಇಲ್ಲವೋ, ಗಂಡನನ್ನು ಕೇಳಿದಳೋ ಇಲ್ಲವೋ, ನಮಗೆ ತಿಳಿಯಲೇ ಇಲ್ಲ.