ಹಬ್ಬದ ದಿನ ಬೆಡ್‌ಪ್ಯಾನ್ ಮೇಟ್ರನಮ್ಮನದು

ಮೇಟ್ರನಮ್ಮನ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಫಿನಾಯಿಲು, ಸೋಪು ತಿಂದು ಒಡೆದ ಆ ಕೈಯಿಂದ ನಾಡಿ ಹಿಡಿದರೆ ಜೋಳದ ಎಲೆ ಸವರಿದಂತಾಗುತ್ತಿತ್ತು. ಆದರೂ ನೋವು ಹೆಚ್ಚಾದ ರೋಗಿಗಳು ಆ ಕೈಯನ್ನೇ ಕೇಳುತ್ತಿದ್ದರು.

ಚಿಂಚೋಳಿ ಕಡೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಗೆ ಅವರು ಮೇಟ್ರನ್. ನರ್ಸು, ಆಯಾ, ವಾರ್ಡ್‌ಬಾಯ್ ಎಲ್ಲರೂ ಅವರ ಮಾತಿನ ಕೆಳಗೆ. ನಾನು ಮಳಖೇಡದಿಂದ ನರ್ಸಿಂಗ್ ಕಲಿಯಲು ಅಲ್ಲಿಗೆ ಹೋದಾಗ ಅವರು ಬಂದರೆ ಡಾಕ್ಟರುಗಳೇ ಎದ್ದು ನಿಲ್ಲುವುದನ್ನು ಕಂಡು ಬೆಪ್ಪಾಗಿದ್ದೆ. ಒಮ್ಮೆ ಚಿಮ್ಮನಚೋಡದ ಬಾಣಂತಿಯೊಬ್ಬಳಿಗೆ ರಕ್ತ ನಿಲ್ಲಲಿಲ್ಲ. ಕಲಬುರಗಿಗೆ ಕಳಿಸೋಣವೆಂದರೆ ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಮೇಟ್ರನಮ್ಮ ಡಾಕ್ಟರ ಮುಂದೆ ಕೈ ಚಾಚಿ, "ನಿಮ್ಮ ಹೊಸಾ ಕಾರಿನ ಕೀಲಿ ಕೊಡ್ರಿ" ಎಂದರು. ಅದು ಕೇಳಿದ್ದಲ್ಲ, ಹುಕುಂ. ಬಾಣಂತಿ ಬದುಕಿದಳು. ಮರುದಿನ ಬೆಳಿಗ್ಗೆ ನೋಡಿದರೆ ಆ ಕಾರಿನ ಸೀಟು ಉಜ್ಜುತ್ತ ಕೂತಿದ್ದವರೂ ಅವರೇ.

ಅಲ್ಲಿ ಅವರೇ ಹಾಕಿದ ಒಂದು ಪದ್ಧತಿ ಇತ್ತು. ಯುಗಾದಿ ಇರಲಿ, ರಂಜಾನ್ ಇರಲಿ, ಅವರದೇ ಕ್ರಿಸ್‌ಮಸ್ ಇರಲಿ, ಹಬ್ಬ ಬಂದರೆ ಆಯಾಗಳಿಗೆಲ್ಲ ರಜೆ. ಅಂದು ವಾರ್ಡಿನ ಬೆಡ್‌ಪ್ಯಾನ್ ತೊಳೆಯುವ ಕೆಲಸ ಮೇಟ್ರನ್‌ದು. ನಾವು ಕೈಹಾಕಲು ಹೋದರೆ ಗದರುತ್ತಿದ್ದರು. "ನಮ್ಮ ಯೇಸುಸ್ವಾಮಿ ತಾನೇ ಕುಂತು ಶಿಷ್ಯರ ಕಾಲು ತೊಳದಾನ. ಮಂದಿಗೆ ಹೇಳಿ ತೊಳಸಿಲ್ಲ. ಸರೀರಿ ಆಚಿ."

ಅಂಥದೊಂದು ಕ್ರಿಸ್‌ಮಸ್ ದಿನ ಅಪ್ಪ ಬಂದ. ಮಗಳು ಆಸ್ಪತ್ರೆಯಲ್ಲಿ ಕಂಡವರ ಹೊಲಸು ಬಳಿಯುತ್ತಾಳೆಂದು ಯಾರೋ ಅವನ ಕಿವಿ ಊದಿದ್ದರು. ನನ್ನನ್ನು ಮನೆಗೆ ಎಳೆದೊಯ್ಯಲೆಂದೇ ಬಂದಿದ್ದ. ಕಿಟಕಿಯಿಂದ ಅವನನ್ನು ಕಂಡೆ. ನನ್ನ ಓದು ಮುಗಿಯಿತು ಅಂದುಕೊಂಡೆ.

ಹಿತ್ತಲ ನಲ್ಲಿಯ ಹತ್ತಿರ ಸೀರೆ ಎತ್ತಿ ಕಟ್ಟಿ ಬೆಡ್‌ಪ್ಯಾನ್ ತೊಳೆಯುತ್ತಿದ್ದ ಹೆಂಗಸನ್ನು ಅಪ್ಪ ಕೂಗಿದ. "ಏ ಆಯಾ, ನಿಮ್ಮ ಮೇಟ್ರನ್ ಎಲ್ಲಿ ಅದಾಳ?"

"ಬರ್ತಾರ, ಕುಂದ್ರಿ ಅಣ್ಣಾರ. ದೂರದಿಂದ ಬಂದೀರಿ," ಎಂದು ಮೇಟ್ರನಮ್ಮ ಕೈ ತೊಳೆದು ಒಳಗಿನಿಂದ ಚಾ ತಂದರು.

"ನಿನ್ನ ಕೈಯಾಗಿಂದು ನನಗ ಬ್ಯಾಡ. ನನ್ನ ಮಗಳಿಗೆ ನಿನ್ನ ಗತಿ ಬರಬಾರದಂತನೇ ಕರಕೊಂಡು ಹೋಗಾಕ ಬಂದೀನಿ."

"ಖರೆ ಅದ್ರಿ. ಬೆನ್ನು ಭಾಳ ನೋಯ್ತದ," ಎಂದು ಅವರು ಲೋಟವನ್ನು ಫರ್ಸಿ ಕಲ್ಲಿನ ಮೇಲಿಟ್ಟು ಮತ್ತೆ ತೊಳೆಯಲು ಕೂತರು.

ನಾನು ಓಡಿ ಬಂದೆ. "ಮೇಟ್ರನಮ್ಮಾ, ಇವರು ನಮ್ಮಪ್ಪರಿ" ಎಂದೆ. ಅಪ್ಪನ ಮುಖ ನೋಡಬೇಕಿತ್ತು! ನಾಚಿಕೆಯಾದಾಗ ಅವನ ದನಿ ಏರುತ್ತದೆ. "ನಡಿ ಮನಿಗೆ!" ಎಂದು ನನ್ನ ರಟ್ಟೆ ಹಿಡಿದ.

ಮೇಟ್ರನಮ್ಮ ಎದ್ದರು. ಡಾಕ್ಟರ ಕೀಲಿ ಕಸಿದ ದನಿಯನ್ನು ಈಗ ಕೇಳುತ್ತೇನೆಂದುಕೊಂಡೆ. ಅವರು ಮೆಲ್ಲಗೆ ಹೇಳಿದರು: "ಅಕಿ ನಿಮಗ ಮಗಳು, ನನಗ ಸ್ಟೂಡೆಂಟ್. ಅಕೀ ಮ್ಯಾಲ ಇಬ್ಬರದೂ ಹುಕುಂ ನಡೀತದ. ಅದಕ್ಕೇ ಇಬ್ಬರೂ ಸುಮ್ಮನ ಇರೂಣ್ರಿ. ಅಕೀನೇ ಹೇಳ್ಲಿ."

ನಿನಗೇನು ಬೇಕು ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ಇಲ್ಲೇ ಇರ್ತೀನಪ್ಪಾ" ಎಂದೆ.

ಅಪ್ಪ ಮೇಟ್ರನಮ್ಮನ ಸುಕ್ಕುಗಟ್ಟಿದ ಬೆರಳುಗಳನ್ನೇ ನೋಡುತ್ತ ನಿಂತ. ರಟ್ಟೆ ಬಿಟ್ಟು ಕಲ್ಲಿನ ಮೇಲೆ ಕುಳಿತ. "ಆ ಚಾ ಕೊಡ್ರಿ," ಎಂದ.

"ಆರಿ ಹೋಗ್ಯಾದ್ರಿ, ಬಿಸಿ ಮಾಡಿ ಕೊಡ್ತೀನಿ."

"ಇರ್ಲಿ ಬಿಡ್ರಿ, ಅದನೇ ಕೊಡ್ರಿ."

ಇವತ್ತು ನಾನು ಸೇಡಂನ ಆಸ್ಪತ್ರೆಯೊಂದರಲ್ಲಿ ಮೇಟ್ರನ್. ನನ್ನ ವಾರ್ಡಿನಲ್ಲೂ ಹಬ್ಬದ ದಿನ ಆಯಾಗಳಿಗೆ ರಜೆ. ಅಷ್ಟು ದೊಡ್ಡ ಜೀವ ನನ್ನನ್ನು ನಿಲ್ಲಿಸಿ ಅಭಿಪ್ರಾಯ ಕೇಳಿತಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅದಕ್ಕೂ ಮುಂಚೆ, ಈಸ್ಟರ್ ದಿನ, ಶಹಾಬಾದಿನಲ್ಲಿ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ನೋಡಲು ಹೋಗಿದ್ದೆ. ಮನೆಯವರೆಲ್ಲ ಚರ್ಚಿಗೆ ಹೋಗಿದ್ದರು. ಮೇಟ್ರನಮ್ಮ ಚಡಪಡಿಸುವುದು ಕಂಡು ನಾನು ಬೆಡ್‌ಪ್ಯಾನ್ ಎತ್ತಿಕೊಂಡೆ. ಅವರು ಹೊದಿಕೆಯನ್ನು ಬಿಗಿಯಾಗಿ ಹಿಡಿದರು. "ನೀ ಬ್ಯಾಡ. ಮನ್ಯಾಗಿನವರು ಬರ್ಲಿ."

"ಇವತ್ತ ಹಬ್ಬ ಅಲ್ಲೇನ್ರಿ ಅಮ್ಮಾ? ಇದು ಮೇಟ್ರನ್ ಕೆಲಸ."

ನನ್ನನ್ನೇ ದಿಟ್ಟಿಸಿದರು. ಈಗ ಪೂರ್ತಿ ಒಣಗಿದ್ದ ಆ ಬೆರಳುಗಳು ಮೆಲ್ಲಗೆ ಸಡಿಲವಾದವು.

ಆಮೇಲೆ ನಾನು ಹಿತ್ತಲಲ್ಲಿ ತೊಳೆಯುತ್ತ ಕೂತಿದ್ದಾಗ ಒಳಗಿನಿಂದ ದನಿ ಕೇಳಿತು. "ಅಂಚಿನಾಗ ಚೊಲೋ ತಿಕ್ಕು. ಹೊಲಸು ಅಲ್ಲೇ ಕುಂದರ್ತದ."

"ಹೂನ್ರಿ ಅಮ್ಮಾ" ಎಂದೆ.