ನನಗ ಹಸಿವಾಗೈತೇನ್ರಿ?

ಬಾಜೂ ಮನೆಯಲ್ಲಿ ಹೆರಿಗೆಯಾಗಿದೆ. ಬೆಳಗಿನಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ. ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಿದ್ದಾರೆ. ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.

ನನ್ನ ಮದುವೆಗೆ ಮುಂಚಿನ ಮಾತು. ತವರೂರು ಮಸಗುಪ್ಪಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬ ಸೊಸೆಯಿದ್ದಳು. ಅತ್ತಿಗೆಯೆಂಬ ಸಲುಗೆಯಿಂದ ನಾನು ವೈನಿ ಎನ್ನುತ್ತಿದ್ದೆ. ಆಕೆಯ ತವರಿನಲ್ಲಿ ಯಾರೂ ಇಲ್ಲದ್ದರಿಂದ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲಿಯೇ ಎಂದಾಗಿತ್ತು. ಯುದ್ಧ ನಡೆದಿದ್ದ ಕಾಲ, ಪೇಟೆಯಲ್ಲಿ ಏನೂ ಸರಿಯಾಗಿ ಸಿಗುತ್ತಿರಲಿಲ್ಲ. ಆದರೂ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಟ್ಟಿದ್ದರು. ಊರಿಗೆಲ್ಲ ಸೂಲಗಿತ್ತಿ ನಮ್ಮವ್ವನೇ. ಆಕೆಯ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆಯೇ ಅವ್ವನ ತಲೆ ಕೆಡಿಸಿತ್ತು, ಈಗ ಹೇಳಲು ನನಗೇನು ಭಯ?

ದಿನ ತುಂಬಿದಾಗ ಒಂದು ಮುಂಜಾನೆ ವೈನಿ ನಮ್ಮ ಕಟ್ಟೆಗೆ ಬಂದು ಕೂತಳು.

“ಕಾಕೂ, ನಿನ್ನಿಯಿಂದ ಕೂಸು ಮಿಸುಕಾಡೇ ಇಲ್ಲ. ಗೋಕಾಕದ ದವಾಖಾನಿಗೆ ಹೋಗೂಣ್ರಿ, ಚಕ್ಕಡಿ ಹೂಡಾಕ ಹೇಳ್ರಿ.”

ಅವ್ವ ಹೊಟ್ಟೆಯ ಮೇಲೆ ಕೈಯಾಡಿಸಿ ನಕ್ಕಳು. “ಮಲಗೈತಿ ಬಿಡು. ಚೊಚ್ಚಲದಾಕಿ, ನಿನಗೇನ ತಿಳೀತೈತಿ?”

“ನನ್ನ ಹೊಟ್ಟಿ ನನಗ ತಿಳ್ಯಾಂಗಿಲ್ಲೇನ್ರಿ?”

ವೈನಿಯ ಅತ್ತೆಯೂ ಅವ್ವನ ಮಾತನ್ನೇ ಹಿಡಿದಳು. ಚಕ್ಕಡಿ ಹೂಡಲಿಲ್ಲ. ವೈನಿ ನನ್ನ ಕೈಯೆಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ವಾರದ ಹಿಂದೆ ಅದೇ ಕೈಗೆ ಒದ್ದಿದ್ದ ಕೂಸು... ಏನೂ ಇಲ್ಲ. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಥೂ, ನನ್ನ ಬಾಯಿಗಿಷ್ಟು ಮಣ್ಣು!

ಮೂರನೆಯ ದಿನ ಹೆರಿಗೆಯಾಯಿತು. ಕೂಸು ಅಳಲಿಲ್ಲ. ವೈನಿಯೂ ಅಳಲಿಲ್ಲ.

ಆಮೇಲೆ ಊಟದ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದು ಕೇಳತೊಡಗಿದಳು. “ಕಾಕೂ, ನನಗ ಹಸಿವಾಗೈತೇನ್ರಿ?”

ಚುಚ್ಚುತ್ತಾಳೆಂದು ಅವ್ವ ಸಿಡುಕಿದಳು. ಚುಚ್ಚುತ್ತಿರಲಿಲ್ಲ, ತನ್ನ ಹಸಿವು ಆಕೆಗೆ ಖರೇನೇ ತಿಳಿಯುತ್ತಿರಲಿಲ್ಲ. ಉಣ್ಣು ಎಂದರೆ ಉಣ್ಣುವಳು, ಸಾಕು ಎನ್ನುವವರೆಗೂ ಉಣ್ಣುವಳು. ಡಬ್ಬಿಯ ಉಂಡಿಗಳನ್ನು ಅತ್ತೆ, ಕೆಟ್ಟು ಹೋಗುತ್ತವೆಂದು, ಅವಳಿಗೇ ತಿನ್ನಿಸಿದಳು. ಒಮ್ಮೆ ನಾವಿಬ್ಬರೇ ಇದ್ದಾಗ ವೈನಿ ಎದೆ ಮುಟ್ಟಿಕೊಂಡು ಹೇಳಿದಳು:

“ಒಳಗ ಏನೋ ಬಡ್ಕೊಳ್ಳಾಕತ್ತೈತಿ. ಅಂಜಿಕಿನೋ ಸಿಟ್ಟೋ ಗೊತ್ತಾಗವಲ್ದು. ಯಾರದೋ ಮೈಯಾಗ ಕುಂತಂಗ ಆಗೈತಿ.”

ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ...

ಮದುವೆಯಾಗಿ ಹುಕ್ಕೇರಿಗೆ ಹೋದೆ. ಐದಾರು ವರ್ಷದ ಮೇಲೆ ತವರಿಗೆ ಬಂದಾಗ ವೈನಿ ತೀರಿಕೊಂಡು ವಾರವಾಗಿತ್ತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತಂತೆ. ಕೊನೆಯವರೆಗೂ ನೀರು ಹೊತ್ತಳಂತೆ. ನೋವೆಂದು ಯಾರ ಮುಂದೂ ಬಾಯಿ ಬಿಡಲಿಲ್ಲವಂತೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದ ಮಾತು ಹೇಳಿದ್ದರ ದವಾಖಾನಿಗೆ ಒಯ್ತಿದ್ವಿ.”

“ಹೇಳಿದ್ದಳಲ್ಲ ಯವ್ವಾ. ಒಮ್ಮಿ ಹೇಳಿದ್ದಳು,” ಎಂದೆ.

ಆ ದಿನ ಅವ್ವ ನನ್ನ ಕೈಯಿಂದ ನೀರನ್ನೂ ಇಸಿದುಕೊಳ್ಳಲಿಲ್ಲ.

ಈಗ ಅವ್ವನೂ ಇಲ್ಲ. ಬಾಜೂ ಮನೆಯವರು ಕೊಟ್ಟುಹೋದ ಎರಡು ಉಂಡಿ ಬಟ್ಟಲಲ್ಲಿ ಹಾಗೇ ಇವೆ. “ಅಜ್ಜಿ, ನಿನಗ ಹಸಿವಾಗೈತಿ, ತಿನ್ನು,” ಎಂದಳು ಮೊಮ್ಮಗಳು. “ಅದನ್ನ ನೀ ಹೇಳಬ್ಯಾಡ!” ಎಂದು ರೇಗಿಬಿಟ್ಟೆ. ಪಾಪ, ಅವಳಿಗೇನು ಗೊತ್ತು... ನನ್ನ ಕೈಗೂ ಕೂಸು ಒದೆಯುತ್ತಿಲ್ಲ, ನಿನ್ನ ಮಾತು ಖರೆ ವೈನಿ, ಎಂದು ಅಂದು ಅಷ್ಟೇ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.